ಓದುಗರ ಪ್ರಶ್ನೆಗೆ ಉತ್ತರ: ಹನ್ನೆರಡು ದಾಟಿದ ಮಕ್ಕಳ ಬೇಸಿಗೆ ರಜೆ

ಚಿಕ್ಕ ಮಕ್ಕಳ ರಜೆಯ ಬಗ್ಗೆ ಈಗ ಯಾರೂ ಹೆಚ್ಚು ಕೇಳುವುದಿಲ್ಲ. ಅವರಿಗಾಗಿ ಬೀದಿಗೊಂದು ಬೇಸಿಗೆ ಶಿಬಿರವಿದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹನ್ನೆರಡರಿಂದ ಹದಿನೇಳರ ನಡುವಿನ ಮಕ್ಕಳನ್ನು ಕುರಿತವು. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗಿನ ಸುಮಾರು ಏಳು ವಾರಗಳನ್ನು ಇವರೊಂದಿಗೆ ಹೇಗೆ ಕಳೆಯುವುದು ಎಂಬುದೇ ಅವುಗಳ ಒಟ್ಟು ಪ್ರಶ್ನೆ. ಆಯ್ದ ಆರು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಮಗ ಎಂಟನೆಯ ತರಗತಿ ಮುಗಿಸಿದ್ದಾನೆ. ಕಳೆದ ವರ್ಷ ಬೇಸಿಗೆ ಶಿಬಿರಕ್ಕೆ ಸೇರಿಸಿದ್ದೆವು. ಅಲ್ಲಿ ಎಲ್ಲರೂ ತನಗಿಂತ ಚಿಕ್ಕವರು, ಕಾಗದ ಮಡಚುವುದನ್ನು ಹೇಳಿಕೊಡುತ್ತಾರೆ ಎಂದು ಒಂದು ವಾರದೊಳಗೇ ಬಿಟ್ಟುಬಿಟ್ಟ. ಈಗ ಬೆಳಿಗ್ಗೆ ಹನ್ನೊಂದಕ್ಕೆ ಏಳುತ್ತಾನೆ, ರಾತ್ರಿ ಒಂದರವರೆಗೆ ಮೊಬೈಲು ನೋಡುತ್ತಾನೆ. ಏನು ಹೇಳಿದರೂ ಬೋರು ಎನ್ನುತ್ತಾನೆ. ಅವನನ್ನು ಯಾವುದರಲ್ಲಿ ತೊಡಗಿಸಲಿ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಶಿಬಿರದ ಬಗ್ಗೆ ನಿಮ್ಮ ಮಗ ಹೇಳಿದ್ದು ನ್ಯಾಯವಾಗಿಯೇ ಇದೆ. ನಮ್ಮ ಊರುಗಳಲ್ಲಿ ನಡೆಯುವ ಬೇಸಿಗೆ ಶಿಬಿರಗಳಲ್ಲಿ ಬಹುಪಾಲು ಆರರಿಂದ ಹನ್ನೆರಡು ವರ್ಷದವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದವು. ಹದಿಮೂರು ತುಂಬಿದವನನ್ನು ಅಲ್ಲಿ ಕೂರಿಸಿದರೆ ಅವನಿಗೆ ಅವಮಾನವಾಗುತ್ತದೆ. ಇದಕ್ಕೆ ಹೊರತಾದದ್ದು ರಂಗಶಿಬಿರ. ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ನಡೆಸುವ ಚಿನ್ನರ ಮೇಳದಂತಹ ಶಿಬಿರಗಳಲ್ಲಿ ಮಕ್ಕಳು ಕೊನೆಗೆ ನಾಟಕವನ್ನೇ ಆಡಿ ತೋರಿಸುತ್ತಾರೆ. ಅಲ್ಲಿ ಒಬ್ಬ ಹುಡುಗ ಬಾರದಿದ್ದರೆ ಒಂದು ಪಾತ್ರವೇ ಇಲ್ಲವಾಗುತ್ತದೆ, ಉಳಿದವರೆಲ್ಲ ಅವನಿಗಾಗಿ ಕಾಯಬೇಕಾಗುತ್ತದೆ. ಹದಿಹರೆಯದವರು ಅಲ್ಲಿಂದ ಓಡಿಬರದಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಎಣಿಕೆ. ನಿಮ್ಮ ದಾವಣಗೆರೆಗೂ ವೃತ್ತಿ ರಂಗಭೂಮಿಯ ರಂಗಾಯಣ ಬಂದಿದೆ. ಈ ವರ್ಷ ಮಕ್ಕಳ ಶಿಬಿರವಿದೆಯೇ, ವಯಸ್ಸಿನ ಮಿತಿ ಎಷ್ಟು ಎಂದು ವಿಚಾರಿಸಿ.

ಆದರೆ ಶಿಬಿರ ಸಿಕ್ಕರೂ ಅದು ಎರಡು ಮೂರು ವಾರದ ಮಾತು, ಮಿಕ್ಕ ದಿನಗಳು ಮನೆಯಲ್ಲೇ ಕಳೆಯಬೇಕು. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಒರಟಾಗಿ ಕೇಳಿಸಬಹುದು: ಈ ವಯಸ್ಸಿನವರಿಗೆ ಹೊತ್ತು ಕಳೆಯುವ ಚಟುವಟಿಕೆಗಳನ್ನು ಹುಡುಕಿಕೊಡುವುದನ್ನು ನಾವು ನಿಲ್ಲಿಸಬೇಕು. ಅವರು ಮಾಡದಿದ್ದರೆ ಮನೆಗೆ ನಿಜವಾಗಿಯೂ ತೊಂದರೆಯಾಗುವಂತಹ ಒಂದು ಕೆಲಸವನ್ನು ಪೂರ್ತಿಯಾಗಿ ಅವರ ಕೈಗೆ ಒಪ್ಪಿಸಬೇಕು. ಪೂರ್ತಿಯಾಗಿ ಎಂದರೆ ನಾವು ಹಿಂದೆ ನಿಂತು ತಿದ್ದಬಾರದು. ಉದಾಹರಣೆಗೆ, ವಾರದಲ್ಲಿ ಎರಡು ದಿನ ರಾತ್ರಿಯ ಊಟ ಅವನದು. ಏನು ಮಾಡಬೇಕೆಂದು ತೀರ್ಮಾನಿಸುವವನು ಅವನು, ನೀವು ಕೊಟ್ಟ ಹಣದಲ್ಲಿ ತರಕಾರಿ ತರುವವನು ಅವನು, ಅಡುಗೆ ಮಾಡಿ ಒಲೆಕಟ್ಟೆ ಒರೆಸಿಡುವವನೂ ಅವನೇ. ನಿಮ್ಮ ಊರಿನ ಹುಡುಗ ಮೊದಲ ದಿನ ಬೀದಿಕೊನೆಯ ಅಂಗಡಿಯಿಂದ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದು ಬಡಿಸುವುದು ಬಹುತೇಕ ಖಚಿತ. ಬಾಯಿ ಮುಚ್ಚಿಕೊಂಡು ತಿನ್ನಿ. ಎರಡನೆಯ ವಾರವೂ ಅದೇ ಆದರೆ, ಕೊಟ್ಟ ಹಣಕ್ಕೆ ಲೆಕ್ಕ ಕೇಳಿ. ಹೊರಗಿನ ತಿಂಡಿಯ ಬೆಲೆಗೂ ಮನೆಯ ಅನ್ನ-ಸಾರಿನ ಬೆಲೆಗೂ ಇರುವ ಅಂತರ ಅವನ ಕೈಬರಹದಲ್ಲಿಯೇ ಅವನಿಗೆ ಕಾಣಲಿ.

ಇನ್ನೊಂದು ಕೆಲಸ ವಿದ್ಯುತ್ತಿನದು. ಗೃಹಜ್ಯೋತಿಯ ಫಲಾನುಭವಿ ಮನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ, ಬೇಸಿಗೆಯಲ್ಲಿ ಕೂಲರ್ ಮತ್ತು ಫ್ರಿಜ್‌ಗಳಿಂದಾಗಿ ಹಲವು ಮನೆಗಳು ಆ ಗೆರೆಯ ಅಂಚಿಗೆ ಬರುತ್ತವೆ. ಪ್ರತಿದಿನ ಒಂದೇ ಹೊತ್ತಿಗೆ ಮೀಟರ್ ಓದಿ ಬರೆದಿಡುವುದು, ಯಾವ ಉಪಕರಣ ಎಷ್ಟು ಎಳೆಯುತ್ತದೆಂದು ಲೆಕ್ಕ ಹಾಕುವುದು (ಸಾವಿರ ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್), ತಿಂಗಳ ಮಧ್ಯದಲ್ಲಿ ಮನೆಯವರಿಗೆಲ್ಲ ಎಚ್ಚರಿಕೆ ಕೊಡುವುದು ಅವನ ಜವಾಬ್ದಾರಿಯಾಗಲಿ. ಲೈಟು ಆರಿಸು ಎಂದು ಅಪ್ಪನಿಗೇ ಹೇಳುವ ಅಧಿಕಾರ ಸಿಕ್ಕ ಹುಡುಗನ ಮುಖವನ್ನೊಮ್ಮೆ ನೋಡಿ! ಉಳಿತಾಯ ಖಾತೆಯೊಂದನ್ನು ಅವನ ಹೆಸರಿನಲ್ಲಿ ತೆರೆಯುವುದೂ ಆಗಬಹುದು; ಹತ್ತು ವರ್ಷ ದಾಟಿದ ಮಕ್ಕಳು ಬ್ಯಾಂಕಿನ ಷರತ್ತಿಗೊಳಪಟ್ಟು ತಮ್ಮ ಖಾತೆಯನ್ನು ತಾವೇ ನಡೆಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಚೀಟಿ ತುಂಬುವುದನ್ನು ಅವನೇ ಕಲಿಯಲಿ.

ನಿದ್ರೆಯ ವಿಷಯಕ್ಕೆ ಬರೋಣ. ಹದಿಹರೆಯದಲ್ಲಿ ದೇಹದ ಗಡಿಯಾರವೇ ತುಸು ಹಿಂದಕ್ಕೆ ಸರಿಯುತ್ತದೆ, ಆದ್ದರಿಂದ ರಾತ್ರಿ ಬೇಗ ನಿದ್ದೆ ಬಾರದಿರುವುದು ಬರಿಯ ಉದ್ಧಟತನವಲ್ಲ. ಎಂಟರಿಂದ ಹತ್ತು ಗಂಟೆಯ ನಿದ್ರೆ ಅವರಿಗೆ ಬೇಕೇ ಬೇಕು. ರಜೆಯಲ್ಲಿ ಎಂಟೂವರೆಗೆ ಎದ್ದರೆ ಜಗಳವಾಡಬೇಡಿ. ಜಗಳವೇನಿದ್ದರೂ ರಾತ್ರಿಯ ಮೊಬೈಲಿನ ಮೇಲಿರಲಿ. ದಿನಕ್ಕೆ ಎಷ್ಟು ಗಂಟೆ ಎಂದು ಕಾವಲು ಕಾಯುವುದು ಕೆಲಸಕ್ಕೆ ಹೋಗುವ ನಿಮ್ಮಿಂದಾಗದು, ಆದರೆ ರಾತ್ರಿ ಹತ್ತಕ್ಕೆ ಮನೆಯ ಎಲ್ಲ ಫೋನುಗಳೂ ಹಾಲ್‌ನಲ್ಲಿ ಚಾರ್ಜಿಗೆ ಇರಬೇಕೆಂಬ ನಿಯಮವನ್ನು ನಡೆಸಬಹುದು. ಎಲ್ಲ ಫೋನುಗಳೆಂದರೆ ನಿಮ್ಮವೂ ಸೇರಿ. ಇಲ್ಲದಿದ್ದರೆ ಆ ನಿಯಮ ಎರಡು ದಿನ ಬಾಳುವುದಿಲ್ಲ. ಅವನು ಆಡುವ ಆಟದಲ್ಲಿ ಹಣ ಕಟ್ಟುವುದಿದೆಯೇ ಎಂದು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ, ಹಾಗಿದ್ದೂ ಬೇರೆ ಬೇರೆ ವೇಷದಲ್ಲಿ ಅವು ಮಕ್ಕಳಿಗೆ ಎದುರಾಗಬಹುದು. ಊಟ, ಸ್ನೇಹಿತರು, ಹೊರಗಿನ ಓಡಾಟ ಎಲ್ಲವನ್ನೂ ಬಿಟ್ಟು ಪರದೆಯನ್ನೇ ಹಿಡಿದು ಕುಳಿತಿದ್ದಾನೆ, ಕಿತ್ತುಕೊಂಡರೆ ಮೈಮೇಲೆ ಬರುತ್ತಾನೆ ಎನ್ನುವ ಮಟ್ಟಕ್ಕೆ ಹೋಗಿದ್ದರೆ ಮಾತ್ರ ತಜ್ಞರ ನೆರವು ಪಡೆಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಹೆಸರಿನ ಚಿಕಿತ್ಸಾಲಯವಿದೆ. ನಿಮ್ಮ ಪತ್ರವನ್ನು ಓದಿದರೆ ಅಷ್ಟು ದೂರ ಹೋದಂತೆ ಕಾಣುವುದಿಲ್ಲ.

ಒಬ್ಬನೇ ಮನೆಯಲ್ಲಿರುವವನಿಗೆ ಗ್ಯಾಸ್ ರೆಗ್ಯುಲೇಟರ್ ಮುಚ್ಚುವುದು, ಮೇನ್ ಸ್ವಿಚ್ ಎಲ್ಲಿದೆ ಎಂಬುದು, ತುರ್ತಿಗೆ 112 ಎಂಬುದು, ಪಕ್ಕದ ಮನೆಯವರ ನಂಬರು ಇವಿಷ್ಟು ಗೊತ್ತಿರಲಿ.

ಪ್ರಶ್ನೆ: ಮಗಳು ಹತ್ತನೆಯ ತರಗತಿಗೆ ಬಂದಿದ್ದಾಳೆ. ಟ್ಯೂಷನ್‌ನವರು ಏಪ್ರಿಲ್‌ನಿಂದಲೇ ಪಾಠ ಶುರು ಮಾಡುತ್ತೇವೆ, ದಿನಕ್ಕೆ ಐದು ಗಂಟೆ ಎನ್ನುತ್ತಾರೆ. ಸೇರಿಸದಿದ್ದರೆ ಹಿಂದೆ ಬೀಳುತ್ತಾಳೆಂಬ ಭಯ. ಸೇರಿಸಲೇ?
— ಒಬ್ಬ ತಂದೆ, ಬೆಂಗಳೂರು

ಉತ್ತರ: ಬೇಡ. ಹತ್ತನೆಯ ತರಗತಿಯ ಪಾಠಗಳಿಗೆ ಜೂನ್‌ನಿಂದ ಫೆಬ್ರವರಿಯವರೆಗೆ ಸಾಕಷ್ಟು ಕಾಲವಿದೆ. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದ ಮೇಲೆ, ಒಂದೇ ಪರೀಕ್ಷೆಯಲ್ಲಿ ಎಲ್ಲವೂ ಮುಗಿದುಹೋಗುತ್ತದೆ ಎಂಬ ಹಳೆಯ ಭಯಕ್ಕೂ ಮೊದಲಿನಷ್ಟು ಆಧಾರವಿಲ್ಲ. ಒಂಬತ್ತನೆಯ ತರಗತಿಯ ಗಣಿತದಲ್ಲಿ ಅವಳಿಗೆ ಅರ್ಥವಾಗದೆ ಉಳಿದ ಅಧ್ಯಾಯಗಳಿದ್ದರೆ (ಅವು ಯಾವುವೆಂದು ನಿಮಗಿಂತ ಅವಳಿಗೇ ಚೆನ್ನಾಗಿ ಗೊತ್ತು), ಬೆಳಿಗ್ಗೆ ಒಂದು ಗಂಟೆ ಅವುಗಳಿಗೆ ಕೊಡಲಿ. ಮುಂದಿನ ವರ್ಷದ ಪಾಠವನ್ನು ಅರೆಬರೆ ಕೇಳಿಸಿಕೊಂಡ ಮಕ್ಕಳು ಜೂನ್‌ನಲ್ಲಿ ತರಗತಿಯಲ್ಲಿ ಕುಳಿತು ಇದು ನಮಗೆ ಬರುತ್ತದೆ ಎಂದು ಕಿಟಕಿಯಾಚೆ ನೋಡುವುದನ್ನು ಶಿಕ್ಷಕರೆಲ್ಲರೂ ಬಲ್ಲರು.

ಪ್ರಶ್ನೆ: ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಹೊರಗೆ ಆಡಲು ಆಗದು. ಒಂಬತ್ತನೆಯ ತರಗತಿ ಮುಗಿಸಿದ ಮಗಳಿಗೆ ವಿಜ್ಞಾನವೆಂದರೆ ಇಷ್ಟ. ಬೆಂಗಳೂರಿನ ಮಕ್ಕಳಿಗೆ ಸಿಗುವ ಅವಕಾಶ ನಮಗಿಲ್ಲ ಎಂದು ಕೊರಗುತ್ತಾಳೆ. ಮೈಸೂರಿನಲ್ಲಿರುವ ನನ್ನ ತಂಗಿಯ ಮಗ ಅವಳ ವಾರಿಗೆಯವನು, ಇಬ್ಬರೂ ದಿನವೂ ಫೋನಿನಲ್ಲಿ ಮಾತನಾಡುತ್ತಾರೆ. ಇವರಿಗೆ ಏನಾದರೂ ಹೇಳಿ.
— ಒಬ್ಬ ತಂದೆ, ಕಲಬುರಗಿ

ಉತ್ತರ: ಈ ಪತ್ರ ಓದಿ ನನಗೆ ಬಹಳ ಸಂತೋಷವಾಯಿತು. ಬೆಂಗಳೂರಿನ ಮಕ್ಕಳು ತಮ್ಮ ಊರಿನಲ್ಲಷ್ಟೇ ಕುಳಿತು ಮಾಡಲಾಗದ ಪ್ರಯೋಗವೊಂದನ್ನು ಕಲಬುರಗಿಯ ಹುಡುಗಿ ಮತ್ತು ಮೈಸೂರಿನ ಹುಡುಗ ಸೇರಿ ಮಾಡಬಹುದು. ಅವರಿಬ್ಬರೂ ಸೇರಿ ಭೂಮಿಯ ಸುತ್ತಳತೆಯನ್ನು ಅಳೆಯಲಿ.

ಭೂಪಟ ತೆಗೆದು ನೋಡಿ. ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಕಲಬುರಗಿ ಸುಮಾರು 17.3 ಡಿಗ್ರಿಯಲ್ಲಿದೆ. ರೇಖಾಂಶ ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಒಂದೇ, 77 ಡಿಗ್ರಿಗೆ ತುಸು ಕಡಿಮೆ. ಅಂದರೆ ಕಲಬುರಗಿ ಮೈಸೂರಿನ ನೇರ ಉತ್ತರಕ್ಕಿದೆ, ಎರಡೂ ಊರುಗಳಲ್ಲಿ ಸೂರ್ಯ ನೆತ್ತಿಯ ಗೆರೆಗೆ ಬರುವ ಹೊತ್ತೂ ಒಂದೇ, ಈ ದಿನಗಳಲ್ಲಿ ಮಧ್ಯಾಹ್ನ 12 ಗಂಟೆ 20 ನಿಮಿಷದ ಆಸುಪಾಸು. ಕರ್ಕಾಟಕ ಸಂಕ್ರಾಂತಿ ವೃತ್ತದ ಕೆಳಗಿರುವ ನಮ್ಮ ರಾಜ್ಯದ ಎಲ್ಲ ಊರುಗಳಿಗೂ ವರ್ಷಕ್ಕೆ ಎರಡು ದಿನ ನೆರಳಿಲ್ಲದ ಮಧ್ಯಾಹ್ನ ಬರುತ್ತದೆ. ಸೂರ್ಯ ಆಗ ನಿಜವಾಗಿಯೂ ನೆತ್ತಿಯ ಮೇಲಿರುತ್ತಾನೆ. ಮೈಸೂರಿಗೆ ಆ ದಿನ ಏಪ್ರಿಲ್ 22ರ ಸುಮಾರಿಗೆ, ಬೆಂಗಳೂರಿಗೆ 24ರ ಸುಮಾರಿಗೆ, ಕಲಬುರಗಿಗೆ ಮೇ 10ರ ಆಸುಪಾಸಿನಲ್ಲಿ.

ಏಪ್ರಿಲ್ 22ರ ಆಚೀಚೆ ಮೋಡವಿಲ್ಲದ ಒಂದು ದಿನ ಇಬ್ಬರೂ ಸಮತಟ್ಟಾದ ತಾರಸಿಯ ಮೇಲೆ ಒಂದು ಮೀಟರ್ ಉದ್ದದ ನೇರವಾದ ಕೋಲನ್ನು ನಿಲ್ಲಿಸಲಿ. ಕೋಲು ನೆಟ್ಟಗಿದೆಯೇ ಎಂದು ಪರೀಕ್ಷಿಸಲು ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ತೂಗುಬಿಟ್ಟು ನೋಡಬೇಕು; ಈ ಪ್ರಯೋಗ ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ. ಹನ್ನೆರಡೂ ಹತ್ತರಿಂದ ಹನ್ನೆರಡೂವರೆಯವರೆಗೆ ಎರಡೆರಡು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿ, ಅವುಗಳಲ್ಲಿ ಅತಿ ಗಿಡ್ಡ ನೆರಳನ್ನು ಅಳೆಯಬೇಕು. ಮೈಸೂರಿನಲ್ಲಿ ಆ ಹೊತ್ತಿಗೆ ನೆರಳು ಇಲ್ಲವೆನ್ನುವಷ್ಟು ಕಿರಿದಾಗಿರುತ್ತದೆ. ಕಲಬುರಗಿಯಲ್ಲಿ ಅದೇ ಹೊತ್ತಿಗೆ ಉತ್ತರದ ಕಡೆಗೆ ಒಂಬತ್ತು ಸೆಂಟಿಮೀಟರಿಗೆ ತುಸು ಕಡಿಮೆ ಉದ್ದದ ನೆರಳು ಬಿದ್ದಿರುತ್ತದೆ. ಕೋಲು ಮತ್ತು ನೆರಳುಗಳನ್ನು ಅಳತೆಗೆ ತಕ್ಕಂತೆ ಕಾಗದದ ಮೇಲೆ ತ್ರಿಭುಜವಾಗಿ ಬರೆದು ಕೋಲಿನ ತುದಿಯಲ್ಲಿರುವ ಕೋನವನ್ನು ಕೋನಮಾಪಕದಿಂದ ಅಳೆದರೆ ಸುಮಾರು ಐದು ಡಿಗ್ರಿ ಸಿಗುತ್ತದೆ. ತ್ರಿಕೋನಮಿತಿ ಮುಂದಿನ ವರ್ಷದ ಪಾಠ, ಈಗ ಅದರ ಅಗತ್ಯವಿಲ್ಲ. ಎರಡು ಊರುಗಳ ನಡುವಿನ ನೇರ ದೂರವನ್ನು, ರಸ್ತೆಯ ದೂರವನ್ನಲ್ಲ, ನಕ್ಷೆಯಲ್ಲಿ ಅಳೆದರೆ ಸುಮಾರು 560 ಕಿಲೋಮೀಟರ್ ಆಗುತ್ತದೆ. ಐದು ಡಿಗ್ರಿಗೆ 560 ಕಿಲೋಮೀಟರ್ ಆದರೆ 360 ಡಿಗ್ರಿಗೆ ಎಷ್ಟು? ನಲವತ್ತು ಸಾವಿರದ ಮುನ್ನೂರರ ಹತ್ತಿರದ ಉತ್ತರ ಬರುತ್ತದೆ. ಧ್ರುವಗಳ ಮೇಲಿಂದ ಹಾಯುವ ಭೂಮಿಯ ಸುತ್ತಳತೆ ಸುಮಾರು 40,008 ಕಿಲೋಮೀಟರ್. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಕ್ ವಿದ್ವಾಂಸ ಎರಟಾಸ್ತನೀಸ್ ಈಜಿಪ್ಟಿನ ಎರಡು ಊರುಗಳನ್ನು ಇಟ್ಟುಕೊಂಡು ಮಾಡಿದ್ದೂ ಇದನ್ನೇ.

ಮೊದಲ ಸಲ ಅವರಿಗೆ ಐವತ್ತು ಸಾವಿರ ಬಂದರೂ ಆಶ್ಚರ್ಯವಿಲ್ಲ, ಕೋನದಲ್ಲಿ ಒಂದು ಡಿಗ್ರಿ ತಪ್ಪಿದರೆ ಸಾಕು ಹಾಗಾಗುತ್ತದೆ. ತಪ್ಪು ಕೋಲಿನದೋ, ನೆಲದ ಇಳಿಜಾರಿನದೋ, ಮಸುಕಾದ ನೆರಳಿನ ಅಂಚನ್ನು ಎಲ್ಲಿ ಹಿಡಿದರೆಂಬುದರದೋ ಎಂದು ಇಬ್ಬರೂ ವಾದ ಮಾಡಲಿ. ನಿಮ್ಮ ಮಗಳಿಗೆ ಶಿಬಿರಕ್ಕಿಂತ ಹೆಚ್ಚಿನ ವಿಜ್ಞಾನ ಆ ವಾದದಲ್ಲಿ ಸಿಗುತ್ತದೆ. ಸರಿಪಡಿಸಿಕೊಂಡು ಮೇ 10ರ ಹೊತ್ತಿಗೆ ಮತ್ತೆ ಮಾಡಲಿ. ಆಗ ಕಲಬುರಗಿಯಲ್ಲಿ ನೆರಳಿರುವುದಿಲ್ಲ, ಮೈಸೂರಿನಲ್ಲಿ ನೆರಳು ದಕ್ಷಿಣಕ್ಕೆ ಬಿದ್ದಿರುತ್ತದೆ! ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುವುದನ್ನು ಗಮನಿಸಿ ನೋಡಿದ ದೊಡ್ಡವರು ನಮ್ಮಲ್ಲಿ ಎಷ್ಟು ಜನರಿದ್ದಾರೆ ಹೇಳಿ.

ಬಿಸಿಲಿನಲ್ಲಿ ನಿಲ್ಲಬೇಕಾದದ್ದು ಒಂದೊಂದು ಗುರುತಿಗೆ ಅರೆ ನಿಮಿಷ. ನಡುವೆ ಒಳಗೆ ಬಂದು ನೀರು, ಮಜ್ಜಿಗೆ ಕುಡಿಯಲಿ. ತಲೆಗೆ ಬಟ್ಟೆ ಇರಲಿ, ಕಾದ ತಾರಸಿಗೆ ಬರಿಗಾಲಿನಲ್ಲಿ ಹೋಗದಿರಲಿ. ಸೂರ್ಯನನ್ನು ಬರಿಗಣ್ಣಿನಿಂದ ನೋಡುವ ಅಗತ್ಯ ಈ ಪ್ರಯೋಗದಲ್ಲಿ ಎಲ್ಲಿಯೂ ಇಲ್ಲ. ಅಂದಹಾಗೆ ನಿಮ್ಮ ಊರಿನಲ್ಲಿಯೇ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಲೆಕ್ಕದ ಪುಸ್ತಕವನ್ನು ಅಲ್ಲಿಗೆ ಒಯ್ದು ತೋರಿಸಲಿ. ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಅವಳಿಗೆ ಟಿಕೆಟ್ ದರವಿಲ್ಲ, ಗುರುತಿನ ಚೀಟಿ ಇದ್ದರಾಯಿತು. ಮೊದಲ ಸಲ ನೀವು ಜೊತೆಗೆ ಹೋಗಿ, ಎರಡನೆಯ ಸಲ ಗೆಳತಿಯೊಂದಿಗೆ ಕಳುಹಿಸಿ.

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಿದ್ದೇನೆ, ಹದಿನಾರು ತುಂಬಿದೆ. ಪಿಯುಸಿ ಶುರುವಾಗುವವರೆಗೆ ನಮ್ಮ ಮಾವನ ಜೆರಾಕ್ಸ್, ಡಿ.ಟಿ.ಪಿ. ಅಂಗಡಿಯಲ್ಲಿ ಕೆಲಸ ಮಾಡಬೇಕೆಂದಿದ್ದೇನೆ. ಮಾವನಿಗೆ ಒಪ್ಪಿಗೆ. ಅಪ್ಪ ಮಾತ್ರ ‘ದುಡಿಯಲು ಕಳಿಸಿದರು ಎಂದು ಜನ ಆಡಿಕೊಳ್ಳುತ್ತಾರೆ’ ಎನ್ನುತ್ತಾರೆ. ನಾನು ಹೋಗಬಹುದೇ? ಅಂಗಡಿ ನಾಲ್ಕು ಕಿಲೋಮೀಟರ್ ದೂರ, ಸ್ಕೂಟರ್ ಓಡಿಸಲು ಬರುತ್ತದೆ.
— ಒಬ್ಬ ವಿದ್ಯಾರ್ಥಿ, ಹಾಸನ

ಉತ್ತರ: ಕೆಲಸಕ್ಕೆ ಹೋಗು, ಸ್ಕೂಟರಿನಲ್ಲಿ ಹೋಗಬೇಡ.

ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕಿಟ್ಟುಕೊಳ್ಳುವುದನ್ನು ಕಾನೂನು ನಿಷೇಧಿಸಿದೆ. ಹದಿನಾಲ್ಕರಿಂದ ಹದಿನೆಂಟರ ನಡುವಿನವರು ಅಪಾಯಕಾರಿಯಲ್ಲದ ಕೆಲಸವನ್ನು ಮಾಡಬಹುದು, ಆದರೆ ಕಟ್ಟುಪಾಡುಗಳಿವೆ: ನಡುವಿನ ವಿಶ್ರಾಂತಿಯೂ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು, ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ದುಡಿಸಬಾರದು, ವಾರಕ್ಕೊಂದು ಪೂರ್ಣ ರಜೆ ಕೊಡಬೇಕು. ಮಾವನೆಂಬ ಸಲಿಗೆಯಲ್ಲಿ ಇವುಗಳನ್ನು ಸಡಿಲಿಸಬೇಡ. ಸಂಬಳ ಎಷ್ಟೆಂದು ಮೊದಲೇ ಮಾತನಾಡಿಕೊ. ‘ಮನೆಯ ಹುಡುಗ, ಕೊನೆಗೆ ಏನಾದರೂ ಕೊಟ್ಟರಾಯಿತು’ ಎಂಬಲ್ಲಿಗೆ ಬಿಟ್ಟರೆ ಮಾವ-ಅಳಿಯರಿಬ್ಬರಿಗೂ ಮನಸ್ತಾಪ.

ನಿನ್ನ ಆಯ್ಕೆ ಒಳ್ಳೆಯದೆಂದು ನನಗೆ ಅನಿಸುವುದಕ್ಕೆ ಕಾರಣವಿದೆ. ಮೇ ತಿಂಗಳಲ್ಲಿ ಫಲಿತಾಂಶ ಬಂದ ಕೂಡಲೇ ಕಾಲೇಜು ಪ್ರವೇಶದ ಅರ್ಜಿ, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ನಕಲು ಎಂದು ಇಂತಹ ಅಂಗಡಿಗಳ ಮುಂದೆ ಸಾಲು ನಿಲ್ಲುತ್ತದೆ. ಅರ್ಜಿ ತುಂಬಲು ಬಾರದ ಹಿರಿಯರಿಗೆ ತಾಳ್ಮೆಯಿಂದ ಓದಿ ಹೇಳುವುದು, ಹೆಸರಿನ ಅಕ್ಷರ ಆಧಾರ್ ಕಾರ್ಡಿನಲ್ಲಿ ಒಂದು ಥರ, ಅಂಕಪಟ್ಟಿಯಲ್ಲಿ ಇನ್ನೊಂದು ಥರ ಇದ್ದರೆ ಎಷ್ಟು ತೊಂದರೆಯೆಂಬುದನ್ನು ಕಣ್ಣಾರೆ ಕಾಣುವುದು, ಕನ್ನಡವನ್ನು ‘ನುಡಿ’ ತಂತ್ರಾಂಶದಲ್ಲಿಯೂ ಯೂನಿಕೋಡ್‌ನಲ್ಲಿಯೂ ಕೀಲಿಮಣೆ ನೋಡದೆ ಬೆರಳಚ್ಚಿಸುವುದು, ಇವು ಯಾವ ಕಾಲೇಜಿಗೆ ಹೋದರೂ ನಿನ್ನ ಜೊತೆಗೆ ಬರುತ್ತವೆ. ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರು: ಜನ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಆಧಾರ್, ಪಾಸ್‌ಬುಕ್‌ಗಳ ಚಿತ್ರಗಳನ್ನು ಮುದ್ರಿಸಿದ ಮೇಲೆ ಅವರೆದುರಿಗೇ ಅಳಿಸಿಹಾಕು. ಅಂಗಡಿಯ ಕಂಪ್ಯೂಟರಿನಲ್ಲಿ ಅವು ವರ್ಷಗಟ್ಟಲೆ ಬಿದ್ದಿರುವುದು ಒಳ್ಳೆಯದಲ್ಲ. ಮಾವನಿಗೂ ಇದನ್ನು ಹೇಳು.

ಸ್ಕೂಟರಿನ ಮಾತು. ಹದಿನಾರಕ್ಕೆ ಸಿಗುವುದು 50 ಸಿ.ಸಿ.ವರೆಗಿನ ಗೇರಿಲ್ಲದ ವಾಹನದ ಪರವಾನಗಿ ಮಾತ್ರ. ನಿಮ್ಮ ಮನೆಯ ಸ್ಕೂಟರ್ ಬಹುಶಃ ಅದರ ಎರಡು ಪಟ್ಟಿಗಿಂತ ಹೆಚ್ಚಿನದು. ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ವಾಹನದ ನೋಂದಣಿ ಒಂದು ವರ್ಷ ರದ್ದಾಗುತ್ತದೆ, ನಿನಗೆ ಇಪ್ಪತ್ತೈದು ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. ನಾಲ್ಕು ಕಿಲೋಮೀಟರಿಗೆ ಸೈಕಲ್ ಸಾಕು.

ಈ ಉತ್ತರವನ್ನು ಅಪ್ಪನಿಗೆ ಓದಲು ಕೊಡು. ಮಗ ದುಡಿಯಲು ಹೋದ ಎಂದು ಆಡಿಕೊಳ್ಳುವ ಜನ, ಮಗ ಮನೆಯಲ್ಲಿ ಮಲಗಿಯೇ ಇದ್ದಾನೆ ಎಂದೂ ಆಡಿಕೊಳ್ಳುವವರೇ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ.

ಪ್ರಶ್ನೆ: ಸಾಗರ ತಾಲ್ಲೂಕಿನ ಹಿನ್ನೀರಿನ ಪಕ್ಕದ ಊರು ನಮ್ಮದು. ಬೆಂಗಳೂರಿನ ಮೊಮ್ಮಕ್ಕಳು ಒಂದು ತಿಂಗಳು ಬಂದಿರುತ್ತಾರೆ. ಹುಡುಗಿಗೆ ಹದಿನೈದು, ಹುಡುಗನಿಗೆ ಹನ್ನೆರಡು. ನೆಟ್‌ವರ್ಕ್ ಇಲ್ಲವೆಂದು ಮುಖ ಗಂಟಿಕ್ಕಿ ಕುಳಿತಿರುತ್ತಾರೆ. ನೀರಿನ ಹತ್ತಿರ ಬಿಡಬೇಡಿ ಎಂದು ಮಗನ ಆಜ್ಞೆ. ನಾವು ಮುದುಕರು ಇವರನ್ನು ಹೇಗೆ ಹಿಡಿಯುವುದು?
— ಒಬ್ಬ ಅಜ್ಜ, ಸಾಗರ ತಾಲ್ಲೂಕು

ಉತ್ತರ: ಮೊದಲ ಮೂರು ದಿನ ಗಂಟು ಮುಖವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಹಿರಿಯರೇ. ನೆಟ್‌ವರ್ಕಿಗಾಗಿ ಗುಡ್ಡ ಹತ್ತುವುದಾದರೆ ಹತ್ತಲಿ; ಅಷ್ಟರಮಟ್ಟಿಗೆ ನಡೆದಾಡಿದಂತಾಯಿತು.

ನೀರಿನ ವಿಷಯದಲ್ಲಿ ನಿಮ್ಮ ಮಗನ ಭಯವನ್ನು ನಾನು ಒಪ್ಪುತ್ತೇನೆ, ಆಜ್ಞೆಯನ್ನು ಒಪ್ಪುವುದಿಲ್ಲ. ರಜೆಗೆಂದು ಊರಿಗೆ ಬಂದ ಮಕ್ಕಳು ಕೆರೆ, ಹೊಂಡಗಳಲ್ಲಿ ಮುಳುಗಿದ ಸುದ್ದಿಯಿಲ್ಲದೆ ನಮ್ಮಲ್ಲಿ ಒಂದು ಬೇಸಿಗೆಯೂ ಕಳೆಯುವುದಿಲ್ಲ. ಈಜು ಬಾರದ ಮಕ್ಕಳು ಕದ್ದು ಹೋಗುವುದಕ್ಕಿಂತ, ಈಜು ಬಲ್ಲ ಗಟ್ಟಿಗರೊಬ್ಬರು ಆಳ ಗೊತ್ತಿರುವ, ಮೆಟ್ಟಿಲಿರುವ ಕೆರೆ ಅಥವಾ ಬಾವಿಯಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿ, ಬೆನ್ನಿಗೆ ಡಬ್ಬಿ ಕಟ್ಟಿ ಕಲಿಸುವುದು ಮೇಲು. ಮಗನಿಗೆ ಫೋನು ಮಾಡಿ ಒಪ್ಪಿಸಿದ ಮೇಲೆಯೇ ಶುರುಮಾಡಿ. ಶರಾವತಿಯ ಹಿನ್ನೀರಿನಲ್ಲಿ ಮಾತ್ರ ಕಲಿಸುವುದು ಬೇಡ. ನೀರು ಇಳಿದ ದಡದ ಕೆಸರು ಎಲ್ಲಿ ಕಾಲನ್ನು ಹಿಡಿಯುತ್ತದೆ, ಒಳಗೆ ಎಲ್ಲಿ ಹಳೆಯ ಮರದ ಬೊಡ್ಡೆಯಿದೆ ಎಂದು ಊರಿನವರಿಗೂ ಪೂರ್ತಿ ತಿಳಿಯದು. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡ ಇದಕ್ಕಿಂತ ಕೆಟ್ಟದ್ದು. ಅದರ ಜಾರುವ ಇಳಿಜಾರನ್ನು ಹತ್ತಿ ಬರಲು ಈಜು ಬಲ್ಲವರಿಗೂ ಆಗುವುದಿಲ್ಲ. ಹೊಂಡವಿದ್ದರೆ ಗಂಟು ಹಾಕಿದ ಹಗ್ಗವೊಂದನ್ನು ದಡದ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಡಿ. ಮುಳುಗುತ್ತಿರುವವರನ್ನು ಉಳಿಸಲು ತಾವೇ ಹಾರಬಾರದು, ಹಗ್ಗವನ್ನೋ ಗಳುವನ್ನೋ ಸೀರೆಯನ್ನೋ ಎಸೆದು ಕೂಗಬೇಕು ಎಂಬುದನ್ನು ಈಜಿಗಿಂತ ಮೊದಲು ಕಲಿಸಿ. ಒಬ್ಬರನ್ನು ಉಳಿಸಲು ಹೋಗಿ ಮೂವರು ಹೋಗುವುದು ಹೀಗೆಯೇ. ಮೇ ತಿಂಗಳ ಮಧ್ಯಾಹ್ನ ಗುಡುಗು ಕೇಳಿದೊಡನೆ ನೀರು, ಬಯಲು, ಒಂಟಿ ಮರಗಳಿಂದ ದೂರ ಬಂದು ಮನೆ ಸೇರಬೇಕು.

ಹುಡುಗಿಗೆ ನಿಮ್ಮ ನೆನಪುಗಳನ್ನು ಕೊಡಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ನೀರಿನಡಿಗೆ ಹೋದ ಊರುಗಳಲ್ಲಿ ನಿಮ್ಮ ನೆಂಟರಿಷ್ಟರು ಇದ್ದಿರಲೇಬೇಕು. ಯಾರ ಮನೆ ಎಲ್ಲಿತ್ತು, ತೋಟ ಎಷ್ಟಿತ್ತು, ಯಾರು ಎಲ್ಲಿಗೆ ಹೋದರು, ದೇವರನ್ನು ಎಲ್ಲಿಗೆ ಸಾಗಿಸಿದರು ಎಂದು ಅವಳು ಕೇಳಿ ಬರೆದುಕೊಳ್ಳಲಿ, ಫೋನಿನಲ್ಲಿ ನಿಮ್ಮ ಧ್ವನಿಯನ್ನು ಮುದ್ರಿಸಿಕೊಳ್ಳಲಿ. ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ. ನೀರು ಚೆನ್ನಾಗಿ ಇಳಿದ ವರ್ಷಗಳಲ್ಲಿ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಮೇಲೆದ್ದು ಕಾಣುವುದನ್ನು ದೊಡ್ಡವರೊಂದಿಗೆ ಹೋಗಿ ನೋಡಲಿ. ಲಾಂಚಿಗಾಗಿ ಕಾದು ಸಿಗಂದೂರಿಗೆ ಹೋಗುತ್ತಿದ್ದ ದಿನಗಳೂ 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಕಥೆಯಾಗಿವೆ. ಇಷ್ಟನ್ನು ಒಂದು ದೊಡ್ಡ ಹಾಳೆಯಲ್ಲಿ ನಕ್ಷೆಯಾಗಿ ಬರೆಯಲು ಅವಳಿಗೆ ಒಂದು ತಿಂಗಳು ಸಾಲದೆ ಹೋಗಬಹುದು.

ಹನ್ನೆರಡರ ಹುಡುಗನಿಗೆ ಇಷ್ಟೆಲ್ಲ ಬೇಡ. ಹಲಸಿನ ಹಪ್ಪಳ ಒಣಹಾಕಿದ ಅಂಗಳವನ್ನು ಕಾಯುವ, ಮಳೆ ಬಂದರೆ ಎತ್ತಿಡುವ ಹೊಣೆ ಅವನದಾಗಲಿ. ಒಂದು ಸಲ ಹಪ್ಪಳ ನೆನೆಯುತ್ತದೆ, ನೆನೆಯಲಿ ಬಿಡಿ.

ಪ್ರಶ್ನೆ: ನಾವು ದುಬೈನಲ್ಲಿದ್ದೇವೆ, ಊರು ಉಡುಪಿಯ ಹತ್ತಿರ. ಇಲ್ಲಿ ಬೇಸಿಗೆ ರಜೆ ಜುಲೈ, ಆಗಸ್ಟಿನಲ್ಲಿ. ಆಗ ಊರಿನಲ್ಲಿ ಮಳೆ, ಅಲ್ಲಿನ ಮಕ್ಕಳಿಗೆ ಶಾಲೆ. ಹದಿಮೂರರ ಮಗ, ಹದಿನಾರರ ಮಗಳು ಮನೆಯೊಳಗೇ ಕುಳಿತು ಬೇಸತ್ತು ಹೋಗುತ್ತಾರೆ.
— ಒಬ್ಬ ತಾಯಿ, ದುಬೈ

ಉತ್ತರ: ಮಳೆಗಾಲದ ಊರಿಗೆ ಅದರದೇ ಕೆಲಸಗಳಿವೆ. ಜುಲೈ ಮೊದಲ ವಾರ ಬಂದರೆ ನಾಟಿ ಇನ್ನೂ ಮುಗಿಯದ ಗದ್ದೆ ಸಿಕ್ಕೀತು. ಅರ್ಧ ದಿನ ಬೆನ್ನು ಬಗ್ಗಿಸಿ ನೇಜಿ ನೆಡಲಿ. ಕಾಲಿನಲ್ಲಿ ಗಾಯವಿದ್ದರೆ ಗದ್ದೆಗಿಳಿಯುವುದು ಬೇಡ, ಇಲಿಜ್ವರ ಬರುವುದು ಅಂತಹ ನೀರಿನಿಂದ. ಜುಲೈ ಮಧ್ಯದಿಂದ ತುಳುವರ ಆಟಿ ತಿಂಗಳು. ಕೆಸುವಿನ ಎಲೆ ಕೊಯ್ದು ತಂದು ಪತ್ರೊಡೆ ಸುತ್ತುವುದನ್ನು ಅಜ್ಜಿಯಿಂದ ಇಬ್ಬರೂ ಕಲಿಯಬಹುದು, ಮಗನೂ ಸೇರಿ. ಕಡಲಿಗೆ ಇಳಿಯುವ ಮಾತೇ ಬೇಡ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿರುತ್ತದೆ. ಆದರೆ ಮಲ್ಪೆಯ ಬಂದರಿನಲ್ಲಿ ಆಗ ದೋಣಿ ದುರಸ್ತಿ, ಬಲೆ ಹೆಣೆಯುವ ಕೆಲಸಗಳನ್ನು ಹತ್ತಿರದಿಂದ ನೋಡಬಹುದು, ಪರಿಚಯದವರಿದ್ದರೆ ಗಂಟು ಹಾಕುವುದನ್ನು ಕೈಯಾರೆ ಕಲಿಯಬಹುದು.

ಮಗಳಿಗೆ ಇನ್ನೊಂದು ಸಲಹೆ. ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ವಾರದಲ್ಲಿ ಎರಡು ಗಂಟೆ ಮಕ್ಕಳಿಗೆ ಇಂಗ್ಲಿಷ್ ಕಥೆ ಓದಿ ಹೇಳಲು ಅನುಮತಿ ಕೇಳಲಿ. ಅಲ್ಲಿನ ಮಕ್ಕಳು ಅವಳ ಕನ್ನಡವನ್ನು ತಿದ್ದುತ್ತಾರೆ. ಸಂಜೆ ನಾಲ್ಕರ ಮೇಲೆ ಶಾಲೆ ಬಿಟ್ಟು ಬರುವ ಓರಗೆಯವರ ಪರಿಚಯವೂ ಆಗುತ್ತದೆ.

ಯಕ್ಷಗಾನದ ಮೇಳಗಳು ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಗೆ, ಗೆಜ್ಜೆ ಬಿಚ್ಚುತ್ತವೆಯಾದ್ದರಿಂದ ಬಯಲಾಟ ಸಿಗದು. ಆದರೆ ಮಳೆಗಾಲದಲ್ಲಿ ಮನೆಮನೆಗೆ ಬರುವ ಚಿಕ್ಕಮೇಳವನ್ನು ಒಂದು ಸಂಜೆ ನಿಮ್ಮ ಚಾವಡಿಗೇ ಕರೆಸಬಹುದು. ನೆರೆಮನೆಯವರನ್ನು ಕರೆಯುವುದು, ಕಲಾವಿದರಿಗೆ ಕಾಣಿಕೆ, ಚಹಾ-ತಿಂಡಿಯ ಏರ್ಪಾಡು ಎಲ್ಲವನ್ನೂ ಮಕ್ಕಳಿಬ್ಬರಿಗೇ ವಹಿಸಿ. ಪೂರ್ಣ ರಾತ್ರಿಯ ಆಟ, ಕಂಬಳ ಎರಡನ್ನೂ ನೋಡಬೇಕೆಂಬ ಆಸೆಯಿದ್ದರೆ ಒಂದು ವರ್ಷ ಡಿಸೆಂಬರಿನ ಚಳಿಗಾಲದ ರಜೆಗೆ ಟಿಕೆಟ್ ಮಾಡಿಸಿ. ಮೇಳಗಳು ತಿರುಗಾಟದಲ್ಲಿರುತ್ತವೆ, ಕಂಬಳದ ಋತುವೂ ನವೆಂಬರಿನಿಂದ ಮಾರ್ಚಿನವರೆಗೆ ನಡೆಯುತ್ತದೆ.